ಒಂದೇ ಕೋಣೆ, ಐದು ತಾಳ

ನನ್ನ ತಮ್ಮನ ಮಗಳು ತನ್ನ ಕಿವಿಯಲ್ಲಿದ್ದ, ಹಾಡು ಕೇಳುವ ಬಿಳಿಯ ಗುಂಡಿಯನ್ನು ಕಿತ್ತು, ಬೇಕಾ ಬೇಡವಾ ಅಂತ ಒಂದು ಮಾತೂ ಕೇಳದೆ, ನನ್ನ ಕಿವಿಗೆ ತುರುಕಿದಳು. ಅದು ಬೆಚ್ಚಗಿತ್ತು. ಇನ್ನೊಬ್ಬರ ಕಿವಿಯ ಬಿಸಿ ನನ್ನ ಕಿವಿಯೊಳಗೆ! ಮೈಯೆಲ್ಲ ಮುಳ್ಳೆದ್ದಿತು. ತಕ್ಷಣ ಕಿತ್ತು ಅಂಗೈಯಲ್ಲಿಟ್ಟು ನೋಡಿದರೆ ಜಾಲರಿಯ ಅಂಚಿನಲ್ಲಿ ಹಳದಿ ಗುಗ್ಗೆ.

"ಥೂ, ಏನೇ ಇದು ಅಸಹ್ಯ!" ಎಂದೆ.

"ಅಯ್ಯೋ ಅತ್ತೆ, ಒರೆಸಿದ್ರೆ ಹೋಗುತ್ತೆ. ಮೊದ್ಲು ಕೇಳಿ, ಸಖತ್ ಕ್ಲಾರಿಟಿ," ಎಂದು ಅದನ್ನು ತನ್ನ ಪ್ಯಾಂಟಿಗೆ ಉಜ್ಜಿ ಮತ್ತೆ ಚಾಚಿದಳು.

ಲೋಟ ಕಚ್ಚದೆ ಎತ್ತಿ ಕುಡಿಯಬೇಕು, ಅನ್ನ ಮುಟ್ಟಿದ ಕೈಯಲ್ಲಿ ಮಜ್ಜಿಗೆ ಪಾತ್ರೆ ಮುಟ್ಟಬಾರದು ಎಂದು ಬೈಸಿಕೊಂಡು ಬೆಳೆದವಳು ನಾನು. ಬಾಯಿಗೆ ಎಂಜಲಿದೆ, ಕೈಗೆ ಎಂಜಲಿದೆ. ಕಿವಿಗೂ ಎಂಜಲಿದೆ ಅಂತ ನಮ್ಮಮ್ಮ ಹೇಳಿಕೊಟ್ಟಿರಲಿಲ್ಲ. ಪಾಪ, ಅವಳ ಕಾಲಕ್ಕೆ ಆ ಅಗತ್ಯವೇ ಬಿದ್ದಿರಲಿಲ್ಲ.

ಕಿವಿಗೆ ಏನನ್ನಾದರೂ ಸಿಕ್ಕಿಸಿಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಇದ್ದ ಕಾಲದಿಂದ ಆ ಕೆಲಸವೇ ಇಲ್ಲವಾಗುವ ತನಕ ತಲೆಗೆ ಹೆಡ್‌ಸೆಟ್ಟು ಬಿಗಿದುಕೊಂಡು ಕೂತಿದ್ದೆ. ಊರವರ ಸಾವು, ಹೆರಿಗೆ, ಜಗಳ ಎಲ್ಲವೂ ನನ್ನ ಕಿವಿಯ ಮೂಲಕವೇ ಹಾದುಹೋದವು. ಹಿಂದಿನ ಪಾಳಿಯವಳ ತಲೆಯೆಣ್ಣೆ ಅಂಟಿದ ಹೆಡ್‌ಸೆಟ್ಟನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಳ್ಳಬೇಕು. ಬೇಸಗೆಯಲ್ಲಿ ಕಿವಿ ಬೆವೆತು, ಕೆರೆತ ಹತ್ತಿ, ಒಮ್ಮೆ ಕೀವೂ ಆಗಿತ್ತು. ಪಾಳಿ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಾಗ ಬರಿಗಿವಿಗೆ ಗಾಳಿ ಬಡಿಯುತ್ತಿತ್ತಲ್ಲ, ಆ ಸುಖವೇ ಸುಖ. ನಿವೃತ್ತಿಯಾದ ದಿನ ನಾನು ಮಾಡಿದ ನಿರ್ಧಾರ ಒಂದೇ: ಇನ್ನು ಸಾಯುವ ತನಕ ಈ ಕಿವಿಗೆ ಓಲೆ ಬಿಟ್ಟು ಬೇರೇನೂ ತಾಕಕೂಡದು.

ಹಾಗಿದ್ದವಳ ಮನೆಗೆ ಈ ಗುಂಡಿಗಳು ಯಾಕೆ ಬಂದವು ಎನ್ನುವುದಕ್ಕೆ ನಮ್ಮ ಭಾನುವಾರದ ವಿಷಯ ಹೇಳಬೇಕು.

ಬನಶಂಕರಿ ಎರಡನೇ ಹಂತದ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ನಾನು ಮತ್ತು ನಮ್ಮವರು ಇರುವುದು. ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತು ದಾಟಿದ ಮೇಲೆ ಮೂರು ಜನ ಬರುತ್ತಾರೆ. ಜಯನಗರದಿಂದ ಅಕ್ಕ ತಂಗಿ. ಇಬ್ಬರೂ ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ಒಂದೇ ಆಟೋದಲ್ಲಿ ಬಂದು, ಬಂದ ಮೇಲೆ ಮುಖ ತಿರುಗಿಸಿ ಬೇರೆ ಬೇರೆ ಮೂಲೆಯಲ್ಲಿ ಕೂರುತ್ತಾರೆ, ಯಾಕೆಂದರೆ ಆಟೋದಲ್ಲಿ ಜಗಳವಾಗಿರುತ್ತದೆ. ಮೂರನೆಯವರು ನಮ್ಮವರ ಹಳೆಯ ಗೆಳೆಯ, ಕತ್ರಿಗುಪ್ಪೆಯವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ಕಟ್ಟಡಗಳಿವೆ. ರಾಗದ ಹೆಸರು ತಪ್ಪು ಹೇಳುವುದರಲ್ಲಿ ಎತ್ತಿದ ಕೈ. ಕಾಂಬೋಜಿ ಎಂದು ಅವರು ತೊಡೆ ತಟ್ಟಿ ಹೇಳಿದರೆ ಅದು ಕಾಂಬೋಜಿಯಲ್ಲ ಎಂದು ನಾವು ಕಣ್ಣು ಮುಚ್ಚಿ ನಂಬಬಹುದು.

ಆಮೇಲೆ ಹಳೆಯ ಕಚೇರಿಯೊಂದರ ರೆಕಾರ್ಡಿಂಗನ್ನು ವರ್ಣದಿಂದ ಮಂಗಳದ ತನಕ ಕೇಳುತ್ತೇವೆ. ನಮ್ಮ ಹತ್ತಿರ ಮೊಣಕಾಲೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳಿವೆ, ನಮ್ಮವರು ಜೋಪಾನ ಮಾಡಿಕೊಂಡು ಬಂದವು. ನಡುವೆ ಮಾತಿಲ್ಲ. ಮೃದಂಗದವರ ತನಿ ಆವರ್ತನ ಮುಗಿಯುವ ತನಕ ಕಾಫಿಯೂ ಇಲ್ಲ. ಎಲ್ಲರ ಕೈಯೂ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ: ಒಂದು ತಟ್ಟು, ಮೂರು ಬೆರಳೆಣಿಕೆ, ತಟ್ಟಿ ತಿರುವು, ತಟ್ಟಿ ತಿರುವು.

ಮದುವೆಯಾದಾಗಿನಿಂದ ನಮ್ಮಿಬ್ಬರ ಜಗಳವೂ ತಾಳದ್ದೇ. ನನ್ನ ತಾಳ ಓಡುತ್ತದಂತೆ. ಕಚೇರಿಗೆ ಹೋದರೆ ಸಭಾಂಗಣದಲ್ಲಿ ಬಾಯಿ ಬಿಟ್ಟು ಬೈಯುವಂತಿಲ್ಲವಲ್ಲ, ಅದಕ್ಕೆ ನಮ್ಮವರು ಎರಡು ಬೆರಳಿಂದ ನನ್ನ ಮಣಿಕಟ್ಟನ್ನು ಮೆಲ್ಲಗೆ ಒತ್ತುತ್ತಿದ್ದರು. ನಿಧಾನ ಎಂದು ಅರ್ಥ. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಒಂದು ಸಲ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತುಬಿಟ್ಟಿದ್ದೆ. "ನನ್ನ ತೊಡೆ, ನನ್ನ ಕೈ, ನಿಮಗೇನ್ರೀ ಕಷ್ಟ?" ಎಂದು ಮನೆಗೆ ಬಂದ ಮೇಲೆ ಕೇಳಿದ್ದೆ.

ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು. ಬಲಗಾಲು ಕೋಲು ಹಿಡಿದು ನಡೆಯುವಷ್ಟಕ್ಕೆ ಮರಳಿತು, ಬಲಗೈ ಮರಳಲಿಲ್ಲ. ಹಿಂಡದ ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಫಿಸಿಯೋ ಮಾಡಿಸುವಾಕೆ ಹಿಸುಕಲು ಸ್ಪಂಜಿನ ಚೆಂಡು ಕೊಟ್ಟರೆ ನಮ್ಮವರು ಎಡಗೈಯಲ್ಲಿ ಅದನ್ನು ಮಂಚದ ಕೆಳಗೆ ಎಸೆಯುತ್ತಿದ್ದರು. ತಿಂಗಳುಗಟ್ಟಲೆ ಸ್ಪೀಕರಿನ ಮೇಲೆ ಧೂಳು ಕೂತಿತು.

ಆಮೇಲೊಂದು ಭಾನುವಾರ ಮೂವರೂ, ಬನ್ನಿ ಎನ್ನದಿದ್ದರೂ, ಬಂದರು. ಪೆಟ್ಟಿಗೆಯ ಧೂಳು ಒರೆಸಿ ಕಚೇರಿ ಹಾಕಿದೆವು. ಕೃತಿ ಶುರುವಾಗಿ ನಾಲ್ಕು ಕೈಗಳೂ ಒಟ್ಟಿಗೆ ತೊಡೆಗೆ ಬಿದ್ದವು. ನಮ್ಮವರು ಸ್ಪೀಕರಿನ ಕಡೆ ನೋಡುತ್ತಿರಲಿಲ್ಲ, ನಮ್ಮ ಕೈಗಳನ್ನೇ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ಬಲಗೈ ತೊಡೆಯಿಂದ ಒಂದಿಷ್ಟು ಮೇಲೆದ್ದು, ನಮ್ಮ ಕೈಗಳ ಜೊತೆಗೇ ಬಿತ್ತು. ಜಯನಗರದ ಅಕ್ಕ ಗೊಳೋ ಎಂದು ಅತ್ತರು. ತಂಗಿ, "ಸುಮ್ನಿರೇ, ತಾಳ ತಪ್ಪುತ್ತೆ" ಎಂದು ಗದರಿಸಿ ತಾವೂ ಅತ್ತರು.

"ಅದೇನ್ ಮಾಡ್ತಿದೀರೋ ಅದನ್ನ ನಿಲ್ಲಿಸ್ಬೇಡಿ ಆಂಟಿ," ಎಂದಳು ಫಿಸಿಯೋದಾಕೆ. ವಾರದ ಉಳಿದ ದಿನ ನಾನೊಬ್ಬಳೇ ಎದುರು ಕೂತು ತಾಳ ಹಾಕಿದರೆ ಅವರ ಕೈ ಏಳುತ್ತಿರಲಿಲ್ಲ, ನನ್ನ ತಾಳದ ಮೇಲೆ ನಂಬಿಕೆಯಿಲ್ಲವೇನೋ! ನಾಲ್ಕು ಕೈ ಒಟ್ಟಿಗೆ ಬೀಳಬೇಕು, ಆಗಲೇ ಐದನೆಯದು. ಮೊದಲು ಬರಿಯ ತಟ್ಟು ಬಂತು. ಆಮೇಲೆ ತಿರುವು. ಆಮೇಲೆ ಎಣಿಕೆಗೆ ಕಿರುಬೆರಳು ಮಡಿಸಿದರು. ಆ ದಿನ ನಾನು ಕೇಸರಿಬಾತ್ ಮಾಡಿ ಇಡೀ ಮಹಡಿಗೆ ಹಂಚಿದೆ. ಇನ್ನು ಉಳಿದ ಬೆರಳುಗಳು ಬಂದರೆ ಸಾಕು, ತುತ್ತು ತಾವೇ ಎತ್ತಿಕೊಳ್ಳುತ್ತಾರೆ ಎಂದು ದೇವರ ಮುಂದೆ ದಿನಾ ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಕೆಳಗಿನ ಮನೆಗೆ ಹೊಸಬರು ಬಂದರು. ಬಂದವರು ಮೂರು ತಿಂಗಳು ಗೋಡೆ ಕೊರೆಸಿದರು. ಅದಕ್ಕೆ ಇಂಟೀರಿಯರ್ ಎಂದು ಹೆಸರು, ಆದ್ದರಿಂದ ಅದು ಸದ್ದಲ್ಲ. ನಮ್ಮ ಒಂದು ಭಾನುವಾರದ ತೋಡಿ ರಾಗ ಮಾತ್ರ ಸದ್ದು. ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪಿನಲ್ಲಿ "ಥರ್ಡ್ ಫ್ಲೋರ್ ನಾಯ್ಸ್" ಎಂದು ಬರೆದರು, ಅದಕ್ಕೆ ಏಳೆಂಟು ಜನ ಹೆಬ್ಬೆರಳು ಎತ್ತಿದರು. ನನ್ನ ಕೇಸರಿಬಾತ್ ತಿಂದವರ ಹೆಬ್ಬೆರಳೂ ಅದರಲ್ಲಿತ್ತು.

ಮರುದಿನ ಆ ಕೆಳಗಿನ ಮನೆಯ ಹುಡುಗನೇ ಬಾಗಿಲಿಗೆ ಬಂದ. ಸಭ್ಯ, ನಗುಮುಖ. ಎರಡು ಕಿವಿಯಲ್ಲೂ ಬಿಳಿಯ ಗುಂಡಿ.

"ಆಂಟಿ, ನಂಗೂ ಕ್ಲಾಸಿಕಲ್ ಅಂದ್ರೆ ರೆಸ್ಪೆಕ್ಟ್. ಆದ್ರೆ ನಿಮ್ಮ ಮೃದಂಗ ಸೀದಾ ನಮ್ಮ ಬೆಡ್‌ರೂಮಿಗೆ ಬರುತ್ತೆ. ಮಗು ಎದ್ದುಬಿಡುತ್ತೆ. ಇಯರ್‌ಬಡ್ಸ್ ಹಾಕ್ಕೋಬಹುದಲ್ವಾ? ಕ್ವಾಲಿಟೀನೂ ಬೆಟರ್."

"ನಮ್ಮನೆಯವರಿಗೆ ಅದು ಔಷಧಿ ಇದ್ದಂಗೆ ಕಣಪ್ಪ," ಎಂದೆ.

"ಆಂ?" ಎಂದ. ಕಿವಿಯಿಂದ ಗುಂಡಿ ತೆಗೆಯಲಿಲ್ಲ.

ನಾನು ಇನ್ನೊಮ್ಮೆ ಹೇಳಿದೆ. ಅವನು ಇನ್ನೊಮ್ಮೆ "ಆಂ?" ಎಂದ. ಮೂರನೇ ಸಲ ಹೇಳುವ ಕರ್ಮ ನನಗೇನು? ಬಾಗಿಲು ಹಾಕಿಕೊಂಡೆ. ಎದುರಿಗೆ ನಿಂತವರ ಮಾತಿಗೆ ಕಿವಿ ತೆರೆಯದವನು ಸಂಗೀತದ ಕ್ವಾಲಿಟಿ ಹೇಳಿಕೊಡಲು ಬಂದಿದ್ದ.

ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ನನ್ನ ತಮ್ಮನ ಮಗಳು ಈ ಕತೆ ಕೇಳಿ, "ಇಷ್ಟೇ ತಾನೇ ಅತ್ತೆ, ನಾನು ಅರೇಂಜ್ ಮಾಡ್ತೀನಿ ಬಿಡಿ," ಎಂದಳು. ಹೀಗೆ ಬಂದವು ಗುಂಡಿಗಳು. ಮೊದಲ ದಿನ ಅವಳದೇ ಗುಗ್ಗೆಯ ಜೋಡಿ. ಅದನ್ನು ಹತ್ತಿಯಿಂದ, ಸ್ಪಿರಿಟ್ಟಿನಿಂದ ಉಜ್ಜಿ ಉಜ್ಜಿ, ಒಂದು ವಾರ ನನಗೆ ಕೊಟ್ಟು ಹೋದಳು.

ಸುಳ್ಳೇಕೆ ಹೇಳಲಿ, ಹಾಕಿಕೊಂಡು ಕೇಳಿದೆ. ಹಾಕಿಕೊಳ್ಳದೆ ಉಗಿಯುವುದು ನ್ಯಾಯವಲ್ಲ. ಸ್ಪಷ್ಟವಾಗಿತ್ತು, ಒಪ್ಪುತ್ತೇನೆ. ಗಾಯಕಿ ಉಸಿರೆಳೆದದ್ದು, ಎಂಜಲು ನುಂಗಿದ್ದು, ಪಿಟೀಲಿನ ಕಮಾನು ತಂತಿಗೆ ತಾಕಿದ್ದು ಕೂಡ ಕೇಳಿಸಿತು. ಅದೆಲ್ಲ ನನಗೆ ಯಾಕೆ? ಹಾಡುವವರು ವೇದಿಕೆಯ ಮೇಲೆ ಕೂತಿರಬೇಕು, ನಾನು ಕೆಳಗೆ ಕೂತಿರಬೇಕು, ನಡುವೆ ಅಷ್ಟು ಜಾಗವಿರಬೇಕು. ಇಲ್ಲಿ ಇಡೀ ಕಚೇರಿ ನನ್ನ ತಲೆಬುರುಡೆಯೊಳಗೆ ಚಾಪೆ ಹಾಸಿಕೊಂಡು ಕೂತಿತ್ತು. ಮತ್ತೆ ಎಕ್ಸ್‌ಚೇಂಜಿಗೆ ಡ್ಯೂಟಿಗೆ ಹೋದ ಹಾಗಾಯಿತು. ಇನ್ನೇನು ಯಾರಾದರೂ "ಹಲೋ, ತುಮಕೂರು ಕೊಡಿ" ಎನ್ನುತ್ತಾರೆ ಎಂದು ಕಾದೆ.

ಹೊರಗಿನ ಸದ್ದು ಅಳಿಸುವ ಒಂದು ಗುಣ ಅದರಲ್ಲಿದೆಯಂತೆ, ಅದನ್ನೂ ಒತ್ತಿ ನೋಡಿದೆ. ಫ್ಯಾನು ಹೋಯಿತು. ಪಕ್ಕದ ಮನೆಯ ಮಿಕ್ಸಿ ದೂರವಾಯಿತು. ದೇವರ ಗೂಡಿನ ಪಕ್ಕ ಬೆಳಗಿನಿಂದ ನುಡಿಯುವ ಶ್ರುತಿಪೆಟ್ಟಿಗೆಯೂ ಹೋಯಿತು. ಅದಕ್ಕೆ ಫ್ಯಾನೂ ಒಂದೇ, ತಂಬೂರಿಯೂ ಒಂದೇ. ಹಾಡು ಮುಗಿದು ತಲೆಯೆತ್ತಿದರೆ ನಮ್ಮವರು ಎಡಗೈಯಲ್ಲಿ ಚಮಚ ಹಿಡಿದು ಸ್ಟೀಲ್ ಲೋಟಕ್ಕೆ ಬಡಿಯುತ್ತಿದ್ದರು. ಮಾತಿಲ್ಲದ ಮನುಷ್ಯನಿಗೆ ನನ್ನನ್ನು ಕರೆಯಲು ಇರುವುದು ಅದೊಂದೇ ದಾರಿ. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದರೋ. ನೀರು ಬೇಕಾಗಿತ್ತು. ಗುಂಡಿಗಳನ್ನು ಕಿತ್ತು ಬಿಸಾಡಿದೆ, ಒಂದು ಸೋಫಾದ ಕೆಳಗೆ ಹೋಯಿತು. ಗಂಟಲು ಒಣಗಿದ ಗಂಡನ ಎದುರೇ ನನ್ನನ್ನು ಕಿವುಡಿ ಮಾಡುವ ಸಾಮಾನು ಅದು.

ಆದರೂ ಭಾನುವಾರ ತಪ್ಪಿಸುವಂತಿರಲಿಲ್ಲ. ಕಿರುಬೆರಳು ಬಂದಿತ್ತು, ಉಂಗುರದ ಬೆರಳು ಬರಬೇಕಿತ್ತು. ಕಹಿಗುಳಿಗೆ ನುಂಗಿದ ಹಾಗೆ ನುಂಗಿ, "ಆಯ್ತು, ತಗೊಂಡು ಬಾ" ಎಂದೆ.

ಹುಡುಗಿ ಪಿಜಿಯ ಗೆಳತಿಯರಿಂದೆಲ್ಲ ಎರವಲು ತಂದಳು. ಐದು ಜೋಡಿ, ಐದು ಜಾತಿ. ಒಂದು ಕರಿ, ಒಂದು ಗುಲಾಬಿ, ಒಂದಕ್ಕೆ ಬಾಲ. ಯಾರ್ಯಾರ ಕಿವಿಯಲ್ಲಿ ಮಲಗಿ ಎದ್ದು ಬಂದವೋ! ಸ್ಪಿರಿಟ್ ಬಾಟಲಿ ಖಾಲಿಯಾಯಿತು. ಒಂದು ಫೋನಿನಿಂದ ಎಲ್ಲರಿಗೂ ಕೇಳಿಸಲು ಆಗುವುದಿಲ್ಲವಂತೆ. ಅದಕ್ಕೆ ಪ್ರತಿಯೊಬ್ಬರ ಫೋನಿನಲ್ಲೂ ಅದೇ ಕಚೇರಿಯನ್ನು ಹುಡುಕಿಟ್ಟು, "ನಾನು ಒನ್ ಟೂ ತ್ರೀ ಅಂದ ತಕ್ಷಣ ಎಲ್ರೂ ಒಟ್ಟಿಗೆ ಒತ್ತಿ," ಎಂದಳು. ನಮ್ಮವರ ಫೋನನ್ನು ಅವಳೇ ಹಿಡಿದಳು. ಅವರ ಕಿವಿಗೆ ಕರಿಯ ಜೋಡಿ ಇಟ್ಟಾಗ ಮುಖ ಹಿಂದಕ್ಕೆಳೆದುಕೊಂಡರು. ನಾನೇ ಗಲ್ಲ ಹಿಡಿದು, "ಸ್ವಲ್ಪ ಸಹಿಸ್ಕೊಳ್ರೀ," ಎಂದೆ.

ಒನ್, ಟೂ, ತ್ರೀ. ಒತ್ತಿದೆವು.

ಕೋಣೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಐದು ಜನ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಕತ್ರಿಗುಪ್ಪೆಯವರು ಬೆಚ್ಚಿಬಿದ್ದು, "ಏಯ್, ನಂಗ್ಯಾಕಮ್ಮ ಟಾಯ್ಲೆಟ್ ಕ್ಲೀನರ್ ಬಂತು?" ಎಂದು ಕೂಗಿದರು. ಆಲಾಪನೆಯ ನಡುವೆ ಅವರ ಫೋನಿಗೆ ಜಾಹೀರಾತು ನುಗ್ಗಿತ್ತು. ಹುಡುಗಿ ಓಡಿ ಹೋಗಿ ಅದನ್ನು ದಾಟಿಸಿ, ಹಾಡನ್ನು ಮುಂದೆ ಹಿಂದೆ ತಳ್ಳಿ, "ಸರಿ ಹೋಯ್ತು, ಸರಿ ಹೋಯ್ತು," ಎಂದಳು.

ಕೃತಿ ಶುರುವಾಯಿತು. ನನ್ನ ಕೈ ಬಿತ್ತು. ನನ್ನದು ಬಿದ್ದ ಮೇಲೆ ಜಯನಗರದ ಅಕ್ಕನದು ಬಿತ್ತು. ಅಕ್ಕ ತಿರುವುವಾಗ ತಂಗಿ ತಟ್ಟಿದರು. ಕತ್ರಿಗುಪ್ಪೆಯವರು ಬೆರಳೆಣಿಸುತ್ತಾ ಯಾವುದೋ ಬೇರೆ ಊರಿನಲ್ಲಿದ್ದರು. ಯಾರೂ ತಪ್ಪಿರಲಿಲ್ಲ, ಅವರವರ ಕಿವಿಗೆ ಅವರವರ ತಾಳ ಸರಿಯಾಗಿಯೇ ಇತ್ತು. ಒಂದೊಂದು ಫೋನು ಒಂದೊಂದು ಕ್ಷಣಕ್ಕೆ ಶುರುವಾಗಿತ್ತು, ಒಂದೊಂದು ಗುಂಡಿ ಒಂದೊಂದು ಕ್ಷಣ ತಡವಾಗಿ ಮುಟ್ಟಿಸುತ್ತಿತ್ತು. ಆ ದರಿದ್ರ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಇಷ್ಟು ವರ್ಷ ಒಂದಾಗಿ ಬಿದ್ದ ಕೈಗಳು ಸಂತೆಯಲ್ಲಿ ನೊಣ ಓಡಿಸುವ ಹಾಗೆ ಆಡುತ್ತಿದ್ದವು.

ನಾನು ನಮ್ಮವರ ಕಡೆ ತಿರುಗಿದೆ. ಅವರ ಬಲಗೈ ಮೇಲೆದ್ದಿತ್ತು. ಅಕ್ಕನ ಕೈ ನೋಡಿದರು, ಕೆಳಗೆ ತರಲು ಹೊರಟರು, ಅಷ್ಟರಲ್ಲಿ ತಂಗಿಯ ಕೈ ಕಂಡಿತು, ತಡೆದರು. ಗೆಳೆಯನ ಕೈ ನೋಡಿದರು. ನನ್ನ ಕೈ ನೋಡಿದರು. ಕಿವಿಯಲ್ಲಿದ್ದದ್ದು ಇನ್ನೇನೋ ಹೇಳುತ್ತಿತ್ತು. ಕೈ ಗಾಳಿಯಲ್ಲೇ ನಿಂತಿತು. ಹಣೆಯಲ್ಲಿ ಬೆವರೊಡೆಯಿತು. ತಪ್ಪು ತಮ್ಮದೇ, ತಮ್ಮ ತಲೆಯೇ ಕೆಟ್ಟಿದೆ ಎಂದುಕೊಂಡರು, ಅದು ಅವರ ಮುಖದಲ್ಲಿ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಕೈ ಮೆಲ್ಲಗೆ ಇಳಿದು ತೊಡೆಯ ಮೇಲೆ ಬಿತ್ತು. ಎಡಗೈಯಲ್ಲಿ ಒಂದೊಂದಾಗಿ ಗುಂಡಿಗಳನ್ನು ಕಿತ್ತರು. ಪಕ್ಕದ ಲೋಟದ ತಳದಲ್ಲಿ ಬೆಳಗಿನ ಕಾಫಿ ಉಳಿದಿತ್ತು. ಎರಡನ್ನೂ ಅದರೊಳಗೆ ಹಾಕಿದರು.

"ಅಂಕಲ್! ಅದು ನನ್ನ ರೂಮ್‌ಮೇಟ್‌ದು!" ಎಂದು ಹುಡುಗಿ ಚೀರಿದಳು.

"ಮುಳುಗ್ಲಿ ಬಿಡೇ!" ಎಂದೆ. ಅಷ್ಟು ಜೋರಾಗಿ ನಾನು ಈ ಮನೆಯಲ್ಲಿ ಎಂದೂ ಕೂಗಿರಲಿಲ್ಲ. ಕೆಳಗಿನ ಮನೆಯ ಮಗು ಎದ್ದಿದ್ದರೆ ನನ್ನ ಆ ಒಂದು ಕೂಗಿಗೆ ಎದ್ದಿರಬೇಕು.

ಮುಂದಿನ ಭಾನುವಾರ ಯಾರ ಹಂಗೂ ಬೇಡವೆಂದು ಸ್ಪೀಕರನ್ನೇ ಸಣ್ಣಗೆ, ಪಿಸುಮಾತಿನಷ್ಟು ಸಣ್ಣಗೆ ಹಾಕಿದೆವು. ನಾಲ್ಕು ಕೈಗಳೂ ಮತ್ತೆ ಒಂದಾಗಿ ಬಿದ್ದವು. ನಮ್ಮವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಕೈ ಏಳಲಿಲ್ಲ. ಅದರ ಮುಂದಿನ ಭಾನುವಾರವೂ ಏಳಲಿಲ್ಲ. ಕಿರುಬೆರಳು ಹೋಯಿತು, ತಿರುವು ಹೋಯಿತು, ತಟ್ಟೂ ಹೋಯಿತು. ಫಿಸಿಯೋದಾಕೆ ಬಂದು ಕೈ ಹಿಡಿದು ನೋಡಿ ಮತ್ತೆ ಸ್ಪಂಜಿನ ಚೆಂಡು ತೆಗೆದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಬೈದೆ. ಗುಂಡಿ ಮಾಡಿದವನನ್ನು, ತಂದವಳನ್ನು, ಹೆಬ್ಬೆರಳು ಎತ್ತಿದವರನ್ನು, ಒಬ್ಬರನ್ನೂ ಬಿಡದೆ ಬೈದೆ.

ಕತ್ರಿಗುಪ್ಪೆಯವರು ಫೋನ್ ಮಾಡಿದರು. "ಅಕ್ಕ, ನಮ್ಮ ಮೇನ್ ರೋಡ್ ಬಿಲ್ಡಿಂಗಲ್ಲಿ ಕೆಳಗಡೆ ಒಂದು ಅಂಗಡಿ ಖಾಲಿ ಬಿದ್ದೈತೆ. ಶಟರ್ ಎತ್ತಿದ್ರೆ ಬಸ್ಸು, ಆಟೋ, ಮುಂದ್ಗಡೆ ಗ್ರಿಲ್ ಕೆಲಸದೋನು. ಅಲ್ಲಿ ಯಾವನ್ ಬರ್ತಾನೆ ನಾಯ್ಸ್ ಅನ್ನೋಕೆ? ಪೆಟ್ಟಿಗೆ ತಗೊಂಡ್ ಬನ್ನಿ."

ಹೋದೆವು. ಸ್ಪೀಕರುಗಳು ಒಂದು ಆಟೋದಲ್ಲಿ, ನಾವು ಇನ್ನೊಂದರಲ್ಲಿ. ಹಿಂದೆ ಅಲ್ಲಿ ಕೋಳಿ ಅಂಗಡಿಯಿತ್ತೆಂದು ವಾಸನೆಯೇ ಹೇಳುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ, ಸುಣ್ಣ ಉದುರುವ ಗೋಡೆ. ಜಯನಗರದ ಅಕ್ಕ ತಂಗಿ ಅವತ್ತು ಅಕ್ಕಪಕ್ಕ ಕೂತರು, ಇಬ್ಬರೂ ಒಂದೇ ಸೆರಗಿನಿಂದ ಮೂಗು ಮುಚ್ಚಿಕೊಂಡು. ಹುಡುಗಿಯೂ ಬಂದಿದ್ದಳು. ಕಿವಿ ಖಾಲಿಯಿತ್ತು.

ಗಂಭೀರವಾಗಿ ಸಂಗೀತ ಕೇಳುವವರು ಯಾರೂ ಆ ಜಾಗಕ್ಕೆ ಕಾಲಿಡಲಾರರು. ಬಸ್ಸು ನಿಂತು ಹೊರಟಾಗಲೆಲ್ಲ ಅರ್ಧ ಸಾಲು ನುಂಗಿಹೋಗುತ್ತಿತ್ತು. ಎದುರಿನವನು ಕಬ್ಬಿಣ ಕೊಯ್ಯುವ ಮೆಷಿನ್ನು ಹಾಕಿದರೆ ಪಿಟೀಲು ಎಲ್ಲಿ ಮುಗಿಯಿತು, ಗ್ರಿಲ್ಲು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಆದರೆ ಹಾಡು ಹೊರಗಿತ್ತು. ಎಲ್ಲರ ಎದುರಿಗಿತ್ತು. ಕೈಗಳು ಒಂದಾಗಿ ಬೀಳುತ್ತಿದ್ದವು.

ನಾನು ನಮ್ಮವರ ಬಲಕ್ಕೆ ಕೂತಿದ್ದೆ. ವರ್ಣ ಮುಗಿಯಿತು, ಅವರ ಕೈ ಏಳಲಿಲ್ಲ. ಇನ್ನೊಂದು ಕೃತಿ ಮುಗಿಯಿತು, ಏಳಲಿಲ್ಲ. ದೊಡ್ಡ ರಾಗ ಬಂತು. "ಕಾಂಬೋಜಿ!" ಎಂದರು ಕತ್ರಿಗುಪ್ಪೆಯವರು, ತೋಡಿಗೆ. ಯಾರೂ ನಗಲಿಲ್ಲ. ಅವರ ಕೈಯನ್ನು ನೋಡಬಾರದೆಂದು ರಸ್ತೆಯನ್ನೇ ನೋಡುತ್ತಾ ತೊಡೆಯ ಮೇಲೆ ತಟ್ಟುತ್ತಿದ್ದೆ, ತಟ್ಟುತ್ತಿದ್ದೆ. ಒಬ್ಬ ಹುಡುಗ ಸ್ಕೂಟರಿನಲ್ಲಿ ಕಿವಿಗೆ ಗುಂಡಿ ಹಾಕಿಕೊಂಡು ಹೋದ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸಾಕಾಗಿದ್ದ. ಬಿದ್ದು ಸಾಯಿ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ನನ್ನ ಮಣಿಕಟ್ಟಿನ ಮೇಲೆ ಏನೋ ಕೂತಿತು. ನೊಣವೆಂದು ಕೊಡವಲು ಹೋದೆ. ನೊಣವಲ್ಲ. ಅವರ ಬಲಗೈ ಅವರ ತೊಡೆಯನ್ನು ಬಿಟ್ಟು, ನಡುವಿನ ಜಾಗ ದಾಟಿ ಬಂದಿತ್ತು. ಅಲ್ಲಿಯ ತನಕ ಒಮ್ಮೆಯೂ ಅಲುಗದಿದ್ದ ತೋರುಬೆರಳು, ನಡುಬೆರಳು. ಎರಡೂ ಸೇರಿ ಮೆಲ್ಲಗೆ ಒತ್ತಿದವು.

ನನ್ನ ತಾಳ ಓಡುತ್ತಿತ್ತು.

ಅಷ್ಟು ವರ್ಷದ ಅಭ್ಯಾಸ, ಮೊದಲು ಸಿಟ್ಟೇ ಬಂತು. ನನ್ನ ತೊಡೆ, ನನ್ನ ಕೈ ಎನ್ನಲು ಬಾಯಿ ತೆರೆದು ಅವರ ಕಡೆ ತಿರುಗಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಹುಬ್ಬು ಗಂಟಿಕ್ಕಿ, ಬೇಸರದಿಂದ, ಪೆಟ್ಟಿಗೆಯ ಕಡೆ ನೋಡುತ್ತಿದ್ದರು. ನಾನು ನಿಧಾನ ಮಾಡಿದೆ. ಎಲ್ಲರ ಕೈಯ ಜೊತೆ ನನ್ನದೂ ಬಿತ್ತು. ಬೆರಳುಗಳು ಸಡಿಲವಾದವು.

ಮುಂದಿನ ಸುತ್ತಿನಲ್ಲಿ ಬೇಕೆಂದೇ ಓಡಿದೆ. ಮತ್ತೆ ಒತ್ತಿದರು.